ಕುರುಗೋಡು ಮಾಸ್ತರರ ಆಟದ ರೇಡಿಯೊ

ಬಳ್ಳಾರಿಯ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ಇಳಿಜಾರು ಸೂರಿನ ಒಂದು ಕೋಣೆ ಇದೆ. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದಂತೆ ತಲೆ ತಗ್ಗಿಸಬೇಕು. ಆಟಕ್ಕೆಂದೇ ಸರ್ಕಾರ ತೆರೆದ ರೇಡಿಯೊ ಕೇಂದ್ರ ಅದು. ಕಾಗದಪತ್ರದಲ್ಲಿ ಅದಕ್ಕೆ ಒಂದು ಸಾಲು ಉದ್ದದ ಹೆಸರಿದೆ, ತಪ್ಪಿಲ್ಲದೆ ಅದನ್ನು ಹೇಳಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಊರ ಜನ ‘ಆಟದ ರೇಡಿಯೊ’ ಅಂದರು, ನಾವೂ ಹಾಗೇ ಅಂದೆವು.

ಈಗ ಅದರ ಹೆಚ್ಚಿನ ಕಾರ್ಯಕ್ರಮಗಳು ಬೆಂಗಳೂರಿನಿಂದ ಬರುತ್ತವೆ. ನಮ್ಮ ಪಾಲಿಗೆ ಭಾನುವಾರದ ಎರಡು ತಾಸು ಉಳಿದಿದೆ. ಮೊನ್ನೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು, ‘ನೀವು ಹಳಬರು, ಕೇಂದ್ರದ ಇತಿಹಾಸ ಬರೆದುಕೊಡಿ’ ಎಂದರು. ಒಂದೂವರೆ ಪುಟ ಬರೆದೆ. ಓದಿ ನೋಡಿದರೆ ಯಂತ್ರಗಳಿದ್ದವು, ಆದೇಶಗಳಿದ್ದವು, ಉದ್ಘಾಟನೆಯ ಟೇಪು ಕತ್ತರಿಸಿದವರಿದ್ದರು, ಮಾಸ್ತರು ಮಾತ್ರ ಇರಲಿಲ್ಲ. ಮಾಸ್ತರಿಲ್ಲದ ಆಟದ ರೇಡಿಯೊ ಉಪ್ಪಿಲ್ಲದ ಸಾರು. ಆ ಒಂದೂವರೆ ಪುಟ ಕಡತಕ್ಕೆ ಹೋಯಿತು. ಕಡತಕ್ಕೆ ಹೋಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಸೇರಿದ್ದು ಗುತ್ತಿಗೆಯ ಉದ್ಘೋಷಕಿಯಾಗಿ. ಪಾರ್ವತಿನಗರದ ನಮ್ಮ ಮನೆಯಲ್ಲಿ ಅಪ್ಪ ಕಚೇರಿಯ ಗುಮಾಸ್ತರಾಗಿದ್ದವರು, ಬೆಳಿಗ್ಗೆ ಪೂಜೆ, ಸಂಜೆ ಪಾರಾಯಣ. ಮಗಳಿಗೆ ಸರ್ಕಾರಿ ರೇಡಿಯೊದಲ್ಲಿ ಕೆಲಸ ಎಂದಾಗ ಭಕ್ತಿಗೀತೆಗಳ ನಡುವೆ ಎರಡು ಮಾತು ಆಡುವ ಕೆಲಸ ಅಂದುಕೊಂಡಿದ್ದರು. ಮೊದಲ ಭಾನುವಾರ ನಾನು ‘ಹಿಡಿದರು, ಹಿಡಿದರು, ತೊಡೆಗೆ ಕೈ ಹಾಕಿ ಕೆಡವಿದರು’ ಎಂದು ಗಂಟಲು ಹರಿದುಕೊಂಡದ್ದನ್ನು ಕೇಳಿ ಎದ್ದು ಹೋಗಿ ರೇಡಿಯೊ ಆರಿಸಿದರಂತೆ. ಅಮ್ಮ ಅದನ್ನು ಅಡುಗೆಮನೆಗೆ ಒಯ್ದು ಮತ್ತೆ ಹಚ್ಚಿದಳಂತೆ. ಯಾರು ಗೆದ್ದರೆಂದು ಅವಳು ಒಂದು ದಿನವೂ ಕೇಳಲಿಲ್ಲ, ‘ಅಷ್ಟು ಕೂಗ್ತೀಯಲ್ಲ, ಗಂಟಲಿಗೆ ಬಿಸಿನೀರು ಕುಡಿದ್ಯೇನೆ?’ ಎಂದಷ್ಟೇ ಕೇಳುತ್ತಿದ್ದಳು.

ಕೇಂದ್ರ ಶುರುವಾದ ಹೊಸದರಲ್ಲಿ ಅಲ್ಲಿ ಕ್ರಿಕೆಟ್ ಸ್ಕೋರು ಓದುವುದು ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಟಿವಿಯಲ್ಲಿ ಕಾಣುವುದನ್ನು ರೇಡಿಯೊದಲ್ಲಿ ಯಾರು ಕೇಳುತ್ತಾರೆ? ನಾಯಿಯೂ ಮೂಸಲಿಲ್ಲ. ಆಗ ಒಂದು ಬೆಳಿಗ್ಗೆ ಕುರುಗೋಡಿನ ಮೊದಲ ಬಸ್ಸಿಗೆ ಬಂದಿಳಿದ ನಿವೃತ್ತ ಪಿಟಿ ಮಾಸ್ತರೊಬ್ಬರು, ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ, ಸೀದಾ ಒಳಗೆ ಬಂದು ಸೂರಿಗೆ ತಲೆ ಬಡಿಸಿಕೊಂಡರು. ತಲೆ ಉಜ್ಜಿಕೊಳ್ಳುತ್ತಲೇ, ‘ನಮ್ಮ ಹುಡುಗ್ರು ಆಡೂದನ್ನ ಯಾವಾಗ ಹೇಳ್ತೀರಿ?’ ಎಂದು ಕೇಳಿದರು. ಅಂದಿನಿಂದ ಅವರು ಅಲ್ಲಿಯವರೇ ಆದರು.

ಅವರಿಂದ ರೇಡಿಯೊಗೆ ಜೀವ ಬಂತು. ಕುರುಗೋಡಿನ ಕುಸ್ತಿ, ಸಿರುಗುಪ್ಪದ ಕಬಡ್ಡಿ, ಶಾಲೆಗಳ ಖೋಖೋ, ಎಲ್ಲಿ ಸುಣ್ಣದ ಗೆರೆ ಎಳೆದಿದ್ದರೋ ಅಲ್ಲಿಗೆ ನಮ್ಮ ಪ್ರಸಾರದ ಪೆಟ್ಟಿಗೆ ಹೋಗುತ್ತಿತ್ತು. ಮಾಸ್ತರು ಆಟಗಾರರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ‘ಹೆಸರು ಅಂದ್ರ ಒಂದು ಮನಿ ಕೇಳತೈತಿ ತಂಗಿ, ಊರು ಅಂದ್ರ ಊರೇ ಕೇಳತೈತಿ’ ಎನ್ನುವರು. ಅದು ನಿಜವಾಗಿತ್ತು. ‘ಎಮ್ಮಿಗನೂರು ಹುಡುಗ ನುಗ್ಗಿದ’ ಎಂದರೆ ಆ ಊರಿನ ಹೋಟೆಲುಗಳಲ್ಲಿ ಚಹಾದ ಕಪ್ಪು ಅರ್ಧಕ್ಕೆ ನಿಲ್ಲುತ್ತಿತ್ತು. ಪಂದ್ಯ ಕ್ರೀಡಾಂಗಣದಲ್ಲೇ ಇದ್ದರೆ, ಪ್ರಸಾರದ ಹೊತ್ತಿನಲ್ಲಿ ಸದ್ದಾಗುತ್ತದೆಂದು ನಮ್ಮ ಕೋಣೆಯಲ್ಲಿ ಫ್ಯಾನು ಹಾಕುವಂತಿರಲಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಹಸಿ ಟವೆಲ್ಲು ತಲೆಗೆ ಹೊದ್ದು, ಬರೀ ಬನಿಯನ್ನಿನಲ್ಲಿ ಕೂತು ಕಾಮೆಂಟರಿ ಹೇಳುತ್ತಿದ್ದ ಅವರನ್ನು ಕೇಳುಗರು ಒಮ್ಮೆ ನೋಡಬೇಕಿತ್ತು.

ಕಬಡ್ಡಿಗೆ ಅವರದೇ ಒಂದು ಪದ್ಧತಿ ಇತ್ತು. ಒಂದು ಹಲಗೆ, ನಡುವೆ ಒಂದು ಗೀರು, ಎರಡೂ ಕಡೆ ಏಳೇಳು ಬೀಜ. ಒಬ್ಬೊಬ್ಬ ಆಟಗಾರರಿಗೆ ಒಂದೊಂದು ಬಗೆ: ಹುಣಸೆ, ಶೇಂಗಾ, ಹತ್ತಿ, ಅವರೆ, ಸೀತಾಫಲ, ಬೇವು, ಹೊಂಗೆ. ಔಟಾದವರ ಬೀಜವನ್ನು ಹಲಗೆಯ ಅಂಚಿಗೆ ಸಾಲಾಗಿ ಇಡಬೇಕು, ಮೊದಲು ಔಟಾದವರು ಮೊದಲು ಮರಳುತ್ತಾರಲ್ಲ, ಆ ಸಾಲು ತಪ್ಪಬಾರದು. ಮಾತಾಡುವವರಿಗೆ ಲೆಕ್ಕ ಇಡಲಾಗುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ಕೂತು ಬೀಜ ಸರಿಸುವ ಕೆಲಸ ನನ್ನದು. ಅವರ ಎಡಗೈ ಸದಾ ಹಲಗೆಯ ಮೇಲೆ ಆಡುತ್ತಿರುತ್ತಿತ್ತು. ಅದು ಅವರ ಚಾಳಿ ಎಂದು ನಾನು ಬಹಳ ದಿನ ತಿಳಿದಿದ್ದೆ.

ಒಂದು ದಿನ ಅವರು ಜವಾನನಿಗೆ ಎದ್ದು ನಿಂತು ‘ನಮಸ್ಕಾರ ಸಾರ್’ ಅಂದರು. ಕೇಂದ್ರದ ಮುಖ್ಯಸ್ಥರು ಎದುರಿಗೆ ಬಂದಾಗ ‘ಲೇ, ನೀರು ತಂದಿಲ್ಲೇನಲೇ’ ಅಂದರು. ಮುಖ್ಯಸ್ಥರು ತಮಾಷೆ ಅಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೇಳಿದೆ. ಮಾಸ್ತರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು.

‘ಸಕ್ರಿ ಬ್ಯಾನಿ ಕಣ್ಣಿಗೆ ಇಳದೈತಿ ತಂಗಿ. ಬೆಳಕು ಕಾಣತೈತಿ, ಅಡ್ಡಾಡೋರು ಕಾಣ್ತಾರ, ಯಾರು ಏನು ತಿಳಿಯಂಗಿಲ್ಲ. ಬೀಜ ಅದಾವು, ನಡೀತೈತಿ.’

‘ಎಷ್ಟು ದಿನದಿಂದ ಸಾರ್?’

‘ನೀ ಬರೂಕಿಂತ ಮೊದಲಿಂದ. ನೀ ಬಂದ ಮ್ಯಾಲೆ ಚಲೋ ಆಗೈತಿ, ನಿನ್ನ ಕೈ ಚುರುಕು. ಯಾರಿಗೂ ಹೇಳಬ್ಯಾಡ. ಈ ಕುರ್ಚಿ ಹೋದ್ರ ನಾ ಮನ್ಯಾಗ ಕುಂತು ಯಾರ ಆಟ ಹೇಳ್ಲಿ? ಸೊಸಿ ರೊಟ್ಟಿ ಬಡಿಯೋದನ್ನ ಹೇಳ್ಲಾ?’

ನಾನು ಯಾರಿಗೂ ಹೇಳಲಿಲ್ಲ. ಅಷ್ಟೇ ಅಲ್ಲ, ನನಗೆ ಒಳಗೊಳಗೇ ಜಂಬ ಬಂತು. ಜಿಲ್ಲೆಯೆಲ್ಲ ಕೇಳುವ ದನಿಗೆ ನಾನು ಕಣ್ಣು! ಬೀಜ ಎತ್ತುವಾಗ ಒಂದಿಷ್ಟು ಜೋರಾಗಿ ಎತ್ತಿದರೆ ಅವರ ದನಿ ಏರುತ್ತಿತ್ತು, ಮೆಲ್ಲಗೆ ಸರಿಸಿದರೆ ತಗ್ಗುತ್ತಿತ್ತು. ಯಾರು ಬಿದ್ದರು, ಯಾರು ಎದ್ದರು ಎಂದು ಬೆರಳ ತುದಿಯಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಅಷ್ಟು ಸುಖದ ಕೆಲಸ ನಾನು ಮತ್ತೆ ಮಾಡಿಲ್ಲ.

ಆ ವರ್ಷ ಸಿರುಗುಪ್ಪದಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಫೈನಲ್. ಬಳ್ಳಾರಿ ನಗರದ ತಂಡಕ್ಕೂ ಸಿರುಗುಪ್ಪ ತಾಲ್ಲೂಕಿನ ತಂಡಕ್ಕೂ ಪಂದ್ಯ. ನಾನು ನಗರದವಳು, ಆದರೆ ಮನಸ್ಸು ಪೂರ್ತಿ ಸಿರುಗುಪ್ಪದ ಕಡೆಗಿತ್ತು. ಕಾರಣ ಆ ತಂಡದಲ್ಲಿದ್ದ ರಾರಾವಿಯ ಹುಡುಗಿ. ಸಣಕಲು ಮೈ, ಎಣ್ಣೆ ಹಚ್ಚಿ ಬಿಗಿದ ಜಡೆ, ಎದುರಾಳಿಗಳ ನಡುವೆ ಹೊಕ್ಕರೆ ಮೀನಿನ ಹಾಗೆ ಜಾರಿಕೊಂಡು ಬರುವಳು. ಅವಳ ತಾಯಿ ಭತ್ತದ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸು. ಪಂದ್ಯಕ್ಕೆ ಮುಂಚೆ ಮಾಸ್ತರು ವಾಡಿಕೆಯಂತೆ ಎಲ್ಲರನ್ನೂ ಮಾತಾಡಿಸಿದಾಗ, ‘ನಮ್ಮವ್ವ ಗದ್ಯಾಗ ಫೋನಿನಾಗ ರೇಡಿಯೊ ಹಚ್ಚಿಕೊಂಡು ಕೇಳ್ತಾಳ್ರಿ, ಕೂಲಿ ಹೆಂಗಸ್ರೆಲ್ಲ ಕೇಳ್ತಾರ’ ಎಂದಿದ್ದಳು. ಅವಳಿಗೆ ಸೀತಾಫಲದ ಬೀಜ ಕೊಟ್ಟೆವು.

ನಮ್ಮ ರೇಡಿಯೊದಲ್ಲಿ ಒಂದು ಕಟ್ಟುನಿಟ್ಟಿತ್ತು. ಗಂಟೆ ಹೊಡೆದರೆ ಸುದ್ದಿ. ಆಟ ಎಲ್ಲೇ ಇರಲಿ, ಉಸಿರು ಗಂಟಲಲ್ಲೇ ಇರಲಿ, ಆ ಕ್ಷಣಕ್ಕೆ ನಮ್ಮ ಲೈನು ತಾನೇ ಕತ್ತರಿಸಿ ಬೆಂಗಳೂರು ಬರುತ್ತಿತ್ತು. ಅವತ್ತು ಸುದ್ದಿಗೆ ಅರ್ಧ ನಿಮಿಷವೂ ಇಲ್ಲ, ಎರಡೂ ತಂಡ ಸಮಸಮ, ಕೊನೆಯ ದಾಳಿ. ರಾರಾವಿಯ ಹುಡುಗಿ ಹೋದಳು. ಒಬ್ಬಳನ್ನು ಮುಟ್ಟಿ ತಿರುಗಿದ್ದೇ ನಾಲ್ವರು ಒಟ್ಟಿಗೆ ಮೇಲೆ ಬಿದ್ದರು. ಮಧ್ಯಗೆರೆಯ ಹತ್ತಿರ ಮೈಗಳ ಒಂದು ಗುಡ್ಡೆ, ಧೂಳು, ಅದರ ಕೆಳಗೆ ಅವಳ ಜಡೆಯೂ ಕಾಣಲಿಲ್ಲ. ‘ಅಯ್ಯೋ’ ಅಂತ ಮನಸ್ಸಿನಲ್ಲಿ ಅಂದದ್ದು ಕೈಗೆ ಬಂತು, ಸೀತಾಫಲದ ಬೀಜ ಎತ್ತಿ ಅಂಚಿಗಿಟ್ಟೆ.

ಮಾಸ್ತರ ಬೆರಳು ಆ ಖಾಲಿ ಜಾಗ ಮುಟ್ಟಿತು. ‘ಸಿಕ್ಕಿಬಿದ್ದಳು! ರಾರಾವಿ ಹುಡುಗಿ ಸಿಕ್ಕಿಬಿದ್ದಳು! ಪಂದ್ಯ ಕೈಬಿಟ್ಟು ಹೋಯಿತು!’ ಎಂದರು. ಅಷ್ಟಕ್ಕೆ ಸರಿಯಾಗಿ ಬೆಂಗಳೂರಿನ ಸುದ್ದಿ ಬಂತು.

ಅಂಪೈರು ಆಮೇಲೆ ಕೈ ಎತ್ತಿದ. ಗುಡ್ಡೆಯ ಕೆಳಗಿನಿಂದ ಅವಳ ಎರಡು ಬೆರಳು ಗೆರೆಯಾಚೆ ಚಾಚಿದ್ದವು. ಅವಳು ಗೆದ್ದಿದ್ದಳು. ಮೈದಾನ ಹುಚ್ಚೆದ್ದು ಕೂಗುತ್ತಿತ್ತು.

‘ಯಾಕ ತಂಗಿ, ಸಿರುಗುಪ್ಪದವರು ಕುಣ್ಯಾಕತ್ತಾರಲ್ಲ?’ ಎಂದರು ಮಾಸ್ತರು. ಹೇಳಿದೆ. ಅವರ ಕೈ ತಡಕಾಡಿ ಮೈಕನ್ನು ಹಿಡಿದುಕೊಂಡಿತು. ಮೈಕು ಸತ್ತಿತ್ತು. ಸುದ್ದಿಯ ನಂತರ ಸಂಜೆಯವರೆಗೆ ಬೆಂಗಳೂರಿನದೇ ಕಾರ್ಯಕ್ರಮ. ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರಲ್ಲ, ಅದರ ಅರ್ಥ ರೇಡಿಯೊದಲ್ಲಿ ಕೆಲಸ ಮಾಡಿದವರಿಗೆ ಚೆನ್ನಾಗಿ ಗೊತ್ತು. ಮರುದಿನ ಬೆಳಿಗ್ಗೆ ಫಲಿತಾಂಶದಲ್ಲಿ ‘ಸಿರುಗುಪ್ಪಕ್ಕೆ ಜಯ’ ಎಂದು ಒಂದು ಸಾಲು ಓದಿದೆವು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ತಪ್ಪಾಯಿತು ಅನ್ನುವ ಅಭ್ಯಾಸ ನಮ್ಮ ಕೇಂದ್ರಕ್ಕೆ ಇರಲಿಲ್ಲ.

ಅಷ್ಟರಲ್ಲಿ ರಾರಾವಿಯಲ್ಲಿ ಆಗುವುದು ಆಗಿಹೋಗಿತ್ತು. ಆ ಊರಲ್ಲಿ ಒಂದು ರೂಢಿ. ಗೆದ್ದು ಬಂದವರಿಗೆ ಬಸ್ ಸ್ಟಾಪಿನಲ್ಲಿ ಹಲಗೆಯ ಬಡಿತ, ಹಾರ. ಸೋತು ಬರುವವರು ಇಳಿಯುವ ಹೊತ್ತಿಗೆ ಅಲ್ಲಿ ಒಂದು ನರಪಿಳ್ಳೆಯೂ ನಿಲ್ಲುವುದಿಲ್ಲ. ತಿರಸ್ಕಾರಕ್ಕಲ್ಲ, ಮರ್ಯಾದೆಗೆ. ಸೋತ ಮುಖ ಯಾರಿಗೂ ತೋರಿಸದೆ ಮನೆ ಸೇರಲಿ ಎಂಬ ಕರುಣೆ. ಫೋನೂ ಮಾಡುವುದಿಲ್ಲ. ನಮ್ಮ ರೇಡಿಯೊ ಕೇಳಿದ ಊರು ಅವತ್ತು ಆ ಕರುಣೆಯನ್ನು ತುಂಬಾ ಶ್ರದ್ಧೆಯಿಂದ ನಡೆಸಿತು. ಸ್ಟಾಪಿನ ಚಹಾದಂಗಡಿಯವನು ಕೂಡ ಬಾಗಿಲು ಅರ್ಧ ಎಳೆದುಕೊಂಡನಂತೆ. ಹುಡುಗಿಯೂ ಫೋನ್ ಮಾಡಿರಲಿಲ್ಲ, ಎಲ್ಲರೂ ಕೇಳಿಯೇ ಇರುತ್ತಾರಲ್ಲ ಎಂದು. ಗೆದ್ದ ಕಪ್ಪು ಎತ್ತಿ ಹಿಡಿದುಕೊಂಡು ಬಸ್ಸಿಳಿದರೆ ಸ್ಟಾಪು ಬಣಬಣ. ಗೆದ್ದವಳು ಕಪ್ಪನ್ನು ಕಳವಿನ ಮಾಲಿನ ಹಾಗೆ ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ನಡೆದಳು.

ಸಿರುಗುಪ್ಪ ತಂಡದ ಕೋಚ್ ದೂರು ಬರೆದರು. ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದರು. ನನ್ನ ಗುತ್ತಿಗೆ ಮುಂದುವರಿಯುವ ಕಾಗದ ಅವರ ಮೇಜಿನ ಮೇಲೇ ಇತ್ತು.

‘ಏನ್ರೀ ಇದು? ಕಣ್ಮುಂದೆ ಗೆದ್ದವಳನ್ನ ಸೋಲಿಸಿದ್ದೀರ. ಇಬ್ಬರಲ್ಲಿ ಯಾರ ತಪ್ಪು ಅಂತ ನಾನು ಮೇಲಕ್ಕೆ ಬರೀಬೇಕು.’

ನಾನು ಬಾಯಿ ತೆರೆಯುವ ಮುಂಚೆ ಮಾಸ್ತರು, ‘ನನಗ ಕಣ್ಣು ಕಾಣಂಗಿಲ್ಲ ಸಾರ್. ಭಾಳ ದಿನ ಆತು’ ಎಂದರು.

ಬಾಯಿ ತೆರೆಯುವ ಮುಂಚೆ ಎಂದು ಬರೆದೆ. ಅದು ನನಗೆ ನಾನೇ ಕೊಟ್ಟುಕೊಂಡ ವಿನಾಯಿತಿ. ಅವರು ಹೇಳಿದ ಮೇಲೂ ಬಾಯಿ ತೆರೆಯಬಹುದಿತ್ತು, ಕೋಣೆಯಲ್ಲಿ ಬೇಕಾದಷ್ಟು ಹೊತ್ತು ಮೌನವಿತ್ತು. ನಾನು ಮೇಜಿನ ಮೇಲಿನ ಕಾಗದ ನೋಡುತ್ತಾ ನಿಂತೆ. ಯಾವ ಗುಟ್ಟನ್ನು ಕಾಯಲು ಇಷ್ಟು ವರ್ಷ ಬೆವರು ಸುರಿಸಿದ್ದರೋ ಅದನ್ನು ಅವರು ನನ್ನ ಸಲುವಾಗಿ ಒಂದೇ ಉಸಿರಿಗೆ ಬಿಟ್ಟುಕೊಟ್ಟರು, ನಾನು ತಗೊಂಡೆ.

ಹೊರಗೆ ಬಂದವರು ಅಳಲಿಲ್ಲ, ಬೈಯಲಿಲ್ಲ. ‘ನಡಿ, ರಾರಾವಿಗೆ ಹೋಗಿ ಬರೂಣು. ಆ ಕೂಸಿಗೆ ಹೇಳಬೇಕು’ ಎಂದರು.

ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಹೋದೆವು. ಹುಡುಗಿಯ ಮನೆ ಒಂದೇ ಅಂಕಣದ ಪುಟ್ಟದು, ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಅದರ ಕೆಳಗಿನ ಗೂಡಿನಲ್ಲಿ ಕಪ್ಪು. ತಾಯಿ ಚಾಪೆ ಹಾಸಿ, ಮಂಡಕ್ಕಿ ಒಗ್ಗರಣೆ ತಂದಿಟ್ಟು ಬಾಗಿಲ ಹತ್ತಿರ ಕೂತಳು. ಸಿಟ್ಟಿದ್ದರೂ ಅತಿಥಿಗಳನ್ನು ಉಪವಾಸ ಕಳಿಸುವ ಪೈಕಿ ಅಲ್ಲ.

‘ಅವತ್ತು ನಾವು ಗದ್ಯಾಗ ನಿಂತಲ್ಲೇ ನಿಂತ್ವಿರಿ. ಒಬ್ಬಾಕಿನೂ ಸಸಿ ಹಚ್ಚಲಿಲ್ಲ’ ಎಂದಳು. ‘ಮಗಳು ಮನಿಗೆ ಬಂದ್ರ ಮುಖ ಎತ್ತಿ ನೋಡ್ಲಿಲ್ಲ ನಾನು. ಅಕಿಗೆ ಬ್ಯಾಸರ ಆದೀತು ಅಂತ. ಕಪ್ ಅಕಿ ನನ್ನ ಮುಂದ ಇಟ್ಟ ಮ್ಯಾಲೆ ಗೊತ್ತಾತು. ಅಲ್ರೀ, ನಿಮಗ ಕಾಣಲಿಲ್ಲೇನ್ರಿ?’

‘ಕಾಣಲಿಲ್ಲವ್ವಾ. ನನಗ ಕಣ್ಣಿಲ್ಲ. ತಪ್ಪಾತು’ ಎಂದು ಮಾಸ್ತರು ಕೈ ಮುಗಿದರು. ಅವರು ಮುಗಿದ ಕೈ ತಾಯಿಯ ಕಡೆಗಿರಲಿಲ್ಲ, ಗೋಡೆಯ ಕಡೆಗಿತ್ತು. ಅದನ್ನು ನೋಡಿ ತಾಯಿ ‘ಅಯ್ಯ ನಮ್ಮಪ್ಪ’ ಎಂದು ಎದ್ದು ನಿಂತಳು.

ಹುಡುಗಿ ಮಾತ್ರ ಅಷ್ಟು ಬೇಗ ಕರಗಲಿಲ್ಲ. ಕಂಬಕ್ಕೆ ಒರಗಿ ನಿಂತು ನೆಲ ನೋಡುತ್ತಾ, ‘ಕಣ್ಣು ಇಲ್ಲಂದ್ರ ಇಲ್ರಿ ಸಾರ್. ಅಂಪೈರ್ ಕೈ ಎತ್ತೂತನಕ ತಡೀಬೇಕಿತ್ತು. ನಾ ಇನ್ನೂ ಆಡಾಕತ್ತಿದ್ದೆ’ ಎಂದಳು.

ಮಾಸ್ತರು ತಲೆದೂಗಿದರು. ಆ ಮಾತು ಸೇರಬೇಕಾದದ್ದು ನನಗೆ. ಅಲ್ಲೂ ನಾನು ಸುಮ್ಮನಿದ್ದೆ, ತಟ್ಟೆಯ ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದೆ. ನಾಚಿಕೆಗೇಡು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಮಾಸ್ತರು, ಸಿರುಗುಪ್ಪದಲ್ಲಿ ಹತ್ತಿದ ಯಾವನೋ ಪೈಲ್ವಾನನ ಜೊತೆ ಕುಸ್ತಿಯ ಪಟ್ಟುಗಳ ಬಗ್ಗೆ ಜೋರಾಗಿ ವಾದಿಸುತ್ತಾ ನಗುತ್ತಿದ್ದರು. ಈ ಮನುಷ್ಯನೂ ಇನ್ನೂ ಆಡುತ್ತಿದ್ದರು. ಮುಖ್ಯಸ್ಥರ ಕೋಣೆಯಲ್ಲಿ ಸುಮ್ಮನೆ ನಿಂತು ಅವರನ್ನು ಎತ್ತಿ ಅಂಚಿಗಿಟ್ಟವಳು ನಾನೇ.

ಕಣ್ಣು ಕಾಣದವರು ಕಾಮೆಂಟರಿ ಹೇಳುವಂತಿಲ್ಲ, ನಿಯಮವಿದೆ ಎಂದು ಮೇಲಿನವರು ಮಾಸ್ತರನ್ನು ಬಿಡಿಸಿದರು. ಬೀಳ್ಕೊಡುಗೆಗೆ ಹಾರ ತರಿಸುತ್ತೇವೆ ಎಂದಾಗ ಮಾಸ್ತರು, ‘ಹಾರ ಬ್ಯಾಡ್ರಿ, ಒಂದು ನಿಮಿಷ ಮೈಕ್ ಕೊಡ್ರಿ’ ಎಂದರು. ಮುಖ್ಯಸ್ಥರು ಒಪ್ಪಿದರು. ಅವರೂ ಒಳ್ಳೆಯವರೇ, ಮೇಲಿನವರಿಗೆ ಹೆದರುವ ಒಳ್ಳೆಯವರು. ಭಾನುವಾರ ಮಧ್ಯಾಹ್ನ ಕೆಂಪು ದೀಪ ಹತ್ತಿತು. ಮಾಸ್ತರು ಹಸಿ ಟವೆಲ್ಲು ತೆಗೆದಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು, ಆ ಕೊನೆಯ ದಾಳಿಯನ್ನು ಮೊದಲಿನಿಂದ ಸರಿಯಾಗಿ ಹೇಳಿದರು. ಹೋದದ್ದು, ಮುಟ್ಟಿದ್ದು, ನಾಲ್ವರು ಬಿದ್ದದ್ದು, ಎರಡು ಬೆರಳು ಗೆರೆ ದಾಟಿದ್ದು. ‘ರಾರಾವಿ ಹುಡುಗಿ ಗೆದ್ದಿದ್ದಳು. ಕಣ್ಣು ಕಾಣದೆ ನಾನು ತಪ್ಪು ಹೇಳಿದೆ. ರಾರಾವಿಯವರು ಕ್ಷಮಿಸಬೇಕು’ ಎಂದು ಮೈಕಿನಿಂದ ಕೈಯನ್ನು ಹಿಂದೆ ತೆಗೆದುಕೊಂಡರು.

ನಾನು ಮುಂದೆ ಬಾಗಿ ಮೈಕು ನನ್ನ ಕಡೆ ಎಳೆದುಕೊಂಡೆ. ಬರೆದುಕೊಂಡಿರಲಿಲ್ಲ. ‘ಮಾಸ್ತರು ತಪ್ಪು ಹೇಳಲಿಲ್ಲ. ಅವರಿಗೆ ಆಟ ತೋರಿಸುತ್ತಿದ್ದವಳು ನಾನು. ಅಂಪೈರು ಕೈ ಎತ್ತುವ ಮುಂಚೆ ಅವಳು ಔಟಾದಳು ಎಂದು ನಾನು ತೋರಿಸಿದೆ. ಕೇಳಿದಾಗ ಬಾಯಿ ಬಿಡಲಿಲ್ಲ. ತಪ್ಪು ನನ್ನದು’ ಎಂದೆ. ಗಾಜಿನಾಚೆ ಮುಖ್ಯಸ್ಥರು ಎರಡೂ ಕೈಯಿಂದ ತಲೆ ಹಿಡಿದುಕೊಂಡದ್ದು ಕಾಣಿಸಿತು.

ಮರುದಿನ ರಾರಾವಿಯವರು, ಕಾಲೇಜಿಗೆ ಹೊರಟು ಬಸ್ ಸ್ಟಾಪಿನಲ್ಲಿ ನಿಂತಿದ್ದ ಹುಡುಗಿಗೆ ಹಲಗೆ ಬಾರಿಸಿ ಹಾರ ಹಾಕಿದರಂತೆ, ಅವಳ ಬಸ್ಸು ತಪ್ಪಿತಂತೆ. ನನ್ನ ಗುತ್ತಿಗೆ ನಿಂತಿತು, ಮತ್ತೆ ಕರೆಯುವ ಹೊತ್ತಿಗೆ ವರ್ಷವಾಗಿತ್ತು. ಮಾಸ್ತರಿಗೆ ಆ ಕುರ್ಚಿ ಮರಳಿ ಸಿಗಲಿಲ್ಲ. ನನ್ನ ಸತ್ಯ ಅವರ ಕಣ್ಣು ತರಲಿಲ್ಲ, ನಿಯಮ ಬದಲಿಸಲಿಲ್ಲ.

ಆ ಭಾನುವಾರ ಕೆಂಪು ದೀಪ ಆರಿದ ಮೇಲೆ ಅವರು ನನ್ನ ಮೇಲೆ ಕೆಂಡವಾದರು.

‘ನಿನ್ನ ಯಾರು ಕೇಳಿದ್ರು? ನಾ ಹೋಗಾಂವ ಹೋದೆ, ನೀನರ ಉಳಿ ಅಂದ್ರ ಇಬ್ಬರದೂ ಮುಳುಗಿಸಿದಿ! ಬುದ್ಧಿ ಐತೇನು ನಿನಗ?’

ಕ್ರೀಡಾಂಗಣದಿಂದ ಬಸ್ ನಿಲ್ದಾಣಕ್ಕೆ ಅವರು ನನ್ನನ್ನು ಕಾಯದೆ ಹೊರಟರು. ಆದರೆ ಗೇಟು ದಾಟಿ ರಸ್ತೆಗೆ ಇಳಿದಾಗ ಅವರ ಕೈ ಗಾಳಿಯಲ್ಲಿ ತಡಕಾಡಿ ನನ್ನ ಮಣಿಕಟ್ಟು ಹಿಡಿಯಿತು. ಇಷ್ಟು ವರ್ಷ ಯಾರ ಎದುರಿಗೂ ಅವರು ಹಾಗೆ ಹಿಡಿದವರಲ್ಲ. ಆಟೊ, ಲಾರಿ, ದನಗಳ ನಡುವೆ ನಡೆಸಿಕೊಂಡು ಹೋದೆ. ಸಿಟ್ಟಿನಿಂದ ಮುಖ ಆ ಕಡೆ ತಿರುಗಿಸಿಕೊಂಡಿದ್ದರು, ಕೈ ಬಿಗಿಯಾಗಿ ಹಿಡಿದಿದ್ದರು.

ನಿಲ್ದಾಣದಲ್ಲಿ ದೂರದಿಂದ ಒಂದು ಕೆಂಪು ಬಸ್ಸು ತಿರುವಿನಲ್ಲಿ ಬರುವುದು ಕಂಡಿತು.

‘ಸಪ್ಪಳ ಕೇಳಾಕತ್ತೈತಿ. ಕುರುಗೋಡುದೇನು ನೋಡು’ ಎಂದರು. ಒಂದು ಕ್ಷಣ ಬಿಟ್ಟು, ‘ಈ ಸಲ ಸರಿಯಾಗಿ ನೋಡು’ ಎಂದು ಸೇರಿಸಿದರು.

ಬಣ್ಣ ಅದೇ, ಹೊತ್ತೂ ಅದೇ, ಬೋರ್ಡಿನ ಮೇಲೆ ಮಾತ್ರ ಬಿಸಿಲು ಹೊಳೆಯುತ್ತಿತ್ತು. ಹೌದು ಎನ್ನುವುದು ನಾಲಿಗೆಯ ತುದಿಗೆ ಬಂತು.

‘ತಡೀರಿ ಸಾರ್, ಇನ್ನೂ ನಿಂತಿಲ್ಲ’ ಎಂದೆ. ಮಾಸ್ತರು ನನ್ನ ಕೈ ಹಿಡಿದುಕೊಂಡೇ ಕಾದರು.